ಡುರಾನ್‌ನನ್ನು ಕೊಡುವುದೋ, ಬಿಡುವುದೋ?

ಜುಲೈ ಬಂತೆಂದರೆ ಬಾಸ್ಟನ್ನಿನಲ್ಲಿರುವವರೆಲ್ಲ ರೆಡ್ ಸಾಕ್ಸ್ ತಂಡದ ಜನರಲ್ ಮ್ಯಾನೇಜರ್‌ಗಳಾಗಿಬಿಡುತ್ತಾರೆ. ಸಂಬಳವಿಲ್ಲದ ಹುದ್ದೆ, ಮಿತಿಯಿಲ್ಲದ ಅಧಿಕಾರ. ಬೇಸ್‌ಬಾಲ್ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಗಡುವು ಸಾಮಾನ್ಯವಾಗಿ ಆ ತಿಂಗಳ ಕೊನೆಗೇ ಬರುತ್ತದೆ. ಬೆಂಗಳೂರು ಬಿಟ್ಟು ಇಲ್ಲಿ ನೆಲೆಸಿದ ನಾನು ಆ ದಿನಗಳಲ್ಲಿ ಆಫೀಸಿನ ಕೆಲಸವನ್ನು ಬಿಡುವಾದಾಗ ಮಾಡುತ್ತೇನೆ.

2025ರ ಜುಲೈನಲ್ಲಿ ನಮ್ಮೆಲ್ಲರ ಮೇಜಿನ ಮೇಲಿದ್ದದ್ದು ಜ್ಯಾರೆನ್ ಡುರಾನ್‌ನ ಕಡತ. ಔಟ್‌ಫೀಲ್ಡಿನಲ್ಲಿ ಜಾಗ ಮೂರು; ಡುರಾನ್, ಅಬ್ರೇಯು, ರಫೇಲಾ, ಹೊಸ ಹುಡುಗ ರೋಮನ್ ಆಂಥೊನಿ ಎಂದು ಆಳು ನಾಲ್ಕು. ಸಾಲದಿದ್ದದ್ದು ಚೆಂಡೆಸೆಯುವ ಪಿಚರ್‌ಗಳು. ಮಿಕ್ಕವನನ್ನು ಕೊಟ್ಟು ಬೇಕಾದವನನ್ನು ತರುವುದು ಒಂದನೇ ಕ್ಲಾಸಿನ ಲೆಕ್ಕ. ಆದರೆ ಈ ಮಿಕ್ಕವನು 2024ರಲ್ಲಿ 48 ಡಬಲ್, 14 ಟ್ರಿಪಲ್ ಹೊಡೆದವನು, ಆ ವರ್ಷದ ಆಲ್‌ಸ್ಟಾರ್ ಪಂದ್ಯದ ಶ್ರೇಷ್ಠ ಆಟಗಾರ. ಚೆಂಡು ಮೂಲೆಗೆ ಉರುಳಿತೋ, ಎರಡನೇ ಬೇಸಿನಲ್ಲಿ ನಿಂತು ದಣಿವಾರಿಸಿಕೊಳ್ಳುವ ಜಾಯಮಾನ ಅವನದಲ್ಲ.

ನಾನು ಹೂಡುವ ಟ್ರೇಡ್‌ಗಳಲ್ಲಿ ಎದುರು ತಂಡದವರು ಯಾವಾಗಲೂ ಪೆದ್ದರು. ಡುರಾನ್‌ನನ್ನು ತೆಗೆದುಕೊಂಡು ತಮ್ಮ ಅತ್ಯುತ್ತಮ ಪಿಚರ್, ಒಬ್ಬ ಎಳೆಯ ಕ್ಯಾಚರ್, ಮೇಲೆ ಕೊಸರಿಗೆ ಒಂದಿಷ್ಟು ನಗದು ಕೊಟ್ಟು ಕೈಮುಗಿಯುತ್ತಾರೆ. ಹಗಲುಗನಸೆಂದು ನಗಬೇಡಿ. 1997ರಲ್ಲಿ ಸಿಯಾಟಲ್‌ನವರು ಹೀತ್‌ಕ್ಲಿಫ್ ಸ್ಲೋಕಂ ಎಂಬ ಒಬ್ಬ ಪಿಚರ್‌ಗಾಗಿ ಜೇಸನ್ ವ್ಯಾರಿಟೆಕ್, ಡೆರೆಕ್ ಲೋ ಇಬ್ಬರನ್ನೂ ನಮಗೆ ಕೊಟ್ಟರು. 2004ರ ವಿಶ್ವ ಸರಣಿ ಗೆದ್ದಾಗ ಇಬ್ಬರೂ ನಮ್ಮ ಅಂಗಿಯಲ್ಲಿದ್ದರು. ಹಾಗೆಂದು ಪೆದ್ದುತನವನ್ನು ಸಿಯಾಟಲ್ ಒಂದೇ ಗುತ್ತಿಗೆ ಹಿಡಿದಿಲ್ಲ. 1990ರಲ್ಲಿ ಲ್ಯಾರಿ ಆಂಡರ್ಸನ್ ಎಂಬ ವಯಸ್ಸಾದ ಪಿಚರ್‌ಗಾಗಿ ನಾವು ಹ್ಯೂಸ್ಟನ್ನಿಗೆ ಜೆಫ್ ಬ್ಯಾಗ್‌ವೆಲ್ ಎಂಬ ಹುಡುಗನನ್ನು ಕೊಟ್ಟೆವು. ಆಂಡರ್ಸನ್ 22 ಇನ್ನಿಂಗ್ಸ್ ಎಸೆದು ಹೊರಟುಹೋದ. ಬ್ಯಾಗ್‌ವೆಲ್ 449 ಹೋಂ ರನ್ ಹೊಡೆದು ಹಾಲ್ ಆಫ್ ಫೇಮ್ ಸೇರಿದ. ಬೇಬ್ ರೂತ್‌ನನ್ನು ಯಾಂಕೀಸ್‌ಗೆ ಮಾರಿದ ಕಥೆಯನ್ನಂತೂ ಇಲ್ಲಿ ಊಟದ ಹೊತ್ತಿನಲ್ಲಿ ಎತ್ತಬಾರದು. ಅವನಿದ್ದಾಗ 1918ರಲ್ಲಿ ಗೆದ್ದ ತಂಡ ಮತ್ತೆ ಗೆಲ್ಲಲು 86 ವರ್ಷ ಹಿಡಿಯಿತು. ಹದಿನೆಂಟು ವರ್ಷ ಕಾದ ಆರ್‌ಸಿಬಿ ಅಭಿಮಾನಿ ಇಲ್ಲಿ ಗೋಳು ತೋಡಿಕೊಂಡರೆ, ಹಳೆಯ ಬಾಸ್ಟನ್ನಿಗರು ಹಲ್ಲು ಬರುತ್ತಿರುವ ಮಗುವನ್ನು ನೋಡಿದಂತೆ ನೋಡುತ್ತಾರೆ.

ಅಂದಂದಿನ ತೀರ್ಪನ್ನೂ ನಂಬುವ ಹಾಗಿಲ್ಲ. 2004ರ ಜುಲೈ 31ರಂದು ಊರಿನ ಕಣ್ಮಣಿ ನೋಮಾರ್ ಗಾರ್ಸಿಯಾಪಾರಾನನ್ನು ಶಿಕಾಗೋಗೆ ಸಾಗಹಾಕಿದಾಗ ಅಭಿಮಾನಿಗಳು ಶಾಪ ಹಾಕಿದರು. ಅದೇ ದಿನ ಸದ್ದಿಲ್ಲದೆ ಬಂದ ಡೇವ್ ರಾಬರ್ಟ್ಸ್ ಅಕ್ಟೋಬರಿನಲ್ಲಿ ಯಾಂಕೀಸ್ ಎದುರು, ಯಾರೂ ಚೆಂಡು ಹೊಡೆಯದೆಯೇ ಓಡಿ, ಒಂದೇ ಒಂದು ಬೇಸ್ ಕದ್ದ. ಮೂರು ಪಂದ್ಯ ಸೋತು ಮುಳುಗಿದ್ದ ಸರಣಿ ಎದ್ದು ಕೂತಿತು, ವನವಾಸ ಮುಗಿಯಿತು. ಶಾಪ ಹಾಕಿದ್ದ ಬಾಯಿಗಳೇ "ನಾನು ಆಗಲೇ ಹೇಳಿರಲಿಲ್ವಾ?" ಎಂದವು.

ಡುರಾನ್ ಬಗ್ಗೆ ನನ್ನ ಹೆಂಡತಿಯದು ಒಂದೇ ಪ್ರಶ್ನೆ: "ಅಲ್ರೀ, ಆ ಹುಡುಗನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

ಕೇಳಬೇಕಾಗಿಲ್ಲ ಎಂದೆ. ಕರಾರಿನಲ್ಲಿ ಬರೆಸಿಕೊಂಡಿರಬೇಕು, ಇಲ್ಲವೇ ಲೀಗಿನಲ್ಲಿ 10 ವರ್ಷ ಆಡಿ, ಅದರಲ್ಲಿ ಕೊನೆಯ 5 ವರ್ಷ ಇದೇ ತಂಡದಲ್ಲಿ ಕಳೆದಿರಬೇಕು; ಆಗ ಮಾತ್ರ "ಒಲ್ಲೆ" ಎನ್ನುವ ಹಕ್ಕು. ಉಳಿದವರು ಪೆಟ್ಟಿಗೆ ಕಟ್ಟಬೇಕು. 1982ರ ಒಂದು ದಿನ ಜೋಯಲ್ ಯಂಗ್‌ಬ್ಲಡ್ ಮಧ್ಯಾಹ್ನ ಶಿಕಾಗೋದಲ್ಲಿ ಮೆಟ್ಸ್ ಪರ ಹಿಟ್ ಹೊಡೆದ. ಪಂದ್ಯದ ನಡುವೆಯೇ ಟ್ರೇಡ್ ಆದ. ವಿಮಾನ ಹತ್ತಿ ಅದೇ ರಾತ್ರಿ ಫಿಲಡೆಲ್ಫಿಯಾದಲ್ಲಿ ಮಾಂಟ್ರಿಯಲ್ ಪರ ಇನ್ನೊಂದು ಹೊಡೆದ. 1962ರಲ್ಲಿ ಮೆಟ್ಸ್‌ನವರು ಹ್ಯಾರಿ ಚಿಟಿಯನ್ನು ಕ್ಲೀವ್‌ಲ್ಯಾಂಡಿನಿಂದ ತರಿಸಿಕೊಂಡು, ಬದಲಿಗೆ ಯಾರನ್ನು ಕೊಡುವುದೆಂದು ಆಮೇಲೆ ತಿಳಿಸುತ್ತೇವೆ ಎಂದರು. ಆಮೇಲೆ ಚಿಟಿಯನ್ನೇ ವಾಪಸ್ ಕಳಿಸಿದರು.

"ನಮ್ಮ ಇಡ್ಲಿ ಪಾತ್ರೆನ ಪಕ್ಕದ್ಮನೆಯವರು ಹಿಂದಿರುಗಿಸ್ತಾರಲ್ಲ, ಹಾಗೆ," ಎಂದಳು.

ಇಷ್ಟೆಲ್ಲ ಇತಿಹಾಸ ತಿರುವಿದರೂ ನನ್ನ ನಿಜವಾದ ತಕರಾರು ಇರುವುದು ಬಟ್ಟೆಯ ಬೀರುವಿನಲ್ಲಿ. ಮೂಕಿ ಬೆಟ್ಸ್‌ನ 50ನೇ ನಂಬರಿನ ಅಂಗಿ ಕೊಂಡಿದ್ದೆ. 2020ರಲ್ಲಿ ಅವನನ್ನು ಲಾಸ್ ಏಂಜಲೀಸ್‌ಗೆ ಕೊಟ್ಟರು. ಅದೇ ವರ್ಷ ಅಲ್ಲಿ ವಿಶ್ವ ಸರಣಿ ಗೆದ್ದ. ರಫೇಲ್ ಡೆವರ್ಸ್‌ನ 11 ಕೊಂಡಿದ್ದೆ. 2025ರ ಜೂನ್‌ನಲ್ಲಿ, ನಾವು ಯಾಂಕೀಸನ್ನು ಸೋಲಿಸಿದ ದಿನವೇ, ಅವನನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕಳಿಸಿದರು. ಈಗ ತೂಗಾಡುತ್ತಿರುವುದು 16, ಡುರಾನ್‌ನದು. ರೆಡ್ ಸಾಕ್ಸ್‌ನವರು ತವರಿನಲ್ಲಿ ತೊಡುವ ಬಿಳಿ ಅಂಗಿಯ ಬೆನ್ನಿಗೆ ಹೆಸರಿರುವುದಿಲ್ಲ, ನಂಬರು ಮಾತ್ರ. ಹಳೆಯ ಸಂಪ್ರದಾಯವಂತೆ. ಹೊಲಿಗೆ ಬಿಚ್ಚುವ ಕೂಲಿ ಉಳಿಸುವ ದೂರದೃಷ್ಟಿಯೆಂದು ನನ್ನ ಗುಮಾನಿ.

ಆ ಜುಲೈ ಗಡುವು ದಾಟಿತು, ಡುರಾನ್ ಉಳಿದ. ಚಳಿಗಾಲಕ್ಕೆ ಗುಸುಗುಸು ಮತ್ತೆ ಎದ್ದಿತು. ನಾನೂ ನಿಷ್ಪಕ್ಷಪಾತವಾಗಿ ತೂಗಿ ನೋಡಿ, ತಂಡದ ಹಿತವೊಂದನ್ನೇ ಮನಸ್ಸಿನಲ್ಲಿಟ್ಟು ತೀರ್ಮಾನಕ್ಕೆ ಬಂದೆ. ಡುರಾನ್‌ನನ್ನು ಧಾರಾಳವಾಗಿ ಕೊಡಲಿ. ಬರುವ ಪಿಚರ್ ಎಡಗೈಯವನಾಗಲಿ, ಬಲಗೈಯವನಾಗಲಿ, ನನ್ನ ಅಭ್ಯಂತರವಿಲ್ಲ. 16ನೇ ನಂಬರು ತೊಡಲು ಒಪ್ಪಿದರೆ ಸಾಕು.