ಕಲ್ಲು ಕುಡಿದ ಎಣ್ಣೆ

ಬೋರಿನ ಲಾರಿ ಹೋಯ್ತಲ್ಲ ಅಕ್ಕ, ಇನ್ನು ಕಿವಿಗೆ ಸ್ವಲ್ಪ ಆರಾಮ. 250 ಅಡಿಗೇ ನೀರು ಬಂತಂತೆ, ಪುಣ್ಯ! ನಿಮ್ಮ ಮೊಮ್ಮಗ ನಿನ್ನೆ ಇದೇ ಬೇಲಿ ಹತ್ತಿರ ನಿಂತು ಕೇಳಿದ, ‘ಇನ್ನೂ ಕೊರೆದ್ರೆ ಪೆಟ್ರೋಲ್ ಬರ್ತದಾ?’ ಅಂತ. ರಾತ್ರಿಯೆಲ್ಲ ನನಗೆ ಅದೇ ತಲೆಯಲ್ಲಿ.

ಇಲ್ಲಿ ಬರುವುದಿಲ್ಲ. ನಮ್ಮದು 250 ಕೋಟಿ ವರ್ಷ ದಾಟಿದ ಗಟ್ಟಿ ಬಂಡೆ. ಎಣ್ಣೆ ಹುಟ್ಟುವುದು ಹೆಚ್ಚಾಗಿ ಸಮುದ್ರದ ತಳದ ಕೆಸರಿನಲ್ಲಿ. ಕಣ್ಣಿಗೆ ಕಾಣದ ಜೀವಿಗಳು ಸತ್ತು ಅದರಲ್ಲಿ ಹೂತುಹೋಗಿ, ಮೇಲೆ ಮೇಲೆ ಮಣ್ಣು ಬಿದ್ದು, ಕೋಟ್ಯಂತರ ವರ್ಷ ಭೂಮಿಯ ಕಾವಿನಲ್ಲಿ ಬೇಯಬೇಕು.

ಕೆಳಗೆ ಎಣ್ಣೆಯ ಕೆರೆ ಇರ್ತದೆ ಅಂತ ನಾನೂ ಎಣಿಸಿದ್ದೆ. ಕೆರೆಯೂ ಇಲ್ಲ, ಹೊಳೆಯೂ ಇಲ್ಲ. ಅಗೋ, ಗೋಡೆ ಕಟ್ಟಿ ಉಳಿದ ಮುರಕಲ್ಲು ಇದೆಯಲ್ಲ, ನೀರು ಹೊಯ್ದರೆ ಹೇಗೆ ಕುಡಿದುಬಿಡ್ತದೆ! ಹಾಗೆ ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಎಣ್ಣೆ ಸೇರಿಕೊಂಡಿರ್ತದೆ. ಮೇಲಕ್ಕೆ ಜಿನುಗಿ ಹೋಗದಂತೆ ಜೇಡಿಕಲ್ಲಿನಂಥ ಮುಚ್ಚಳವೊಂದು ಬೇಕು. ಗ್ಯಾಸು ಹಗುರ, ಅದು ಮೇಲೆ, ನಡುವೆ ಎಣ್ಣೆ, ಅಡಿಯಲ್ಲಿ ಉಪ್ಪುನೀರು.

ಬಾಂಬೆ ಹೈ ಕೇಳಿದ್ದೀರಲ್ಲ? ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರ, ನಡು ಸಮುದ್ರ. 1974ರ ಫೆಬ್ರುವರಿಯಲ್ಲಿ ‘ಸಾಗರ್ ಸಮ್ರಾಟ್’ ಅನ್ನುವ ರಿಗ್ಗು ಅಲ್ಲಿ ಕಾಲೂರಿ ನಿಂತು ಕೊರೆದಾಗ ಎಣ್ಣೆ ಸಿಕ್ಕಿತು. ಅಲ್ಲಿರುವುದು ಸುಣ್ಣಕಲ್ಲು. ನಮ್ಮಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡ್ತಿದ್ದರಲ್ಲ, ಅಂಥ ಸಮುದ್ರಜೀವಿಗಳ ಚಿಪ್ಪೇ ಒತ್ತಿ ಒತ್ತಿ ಕಲ್ಲಾದದ್ದು.

ನಿಮ್ಮ ಬೋರಿನಲ್ಲಿ ಗಾಳಿ ಊದಿ ಪುಡಿ ಹಾರಿಸಿದರು. ನಮ್ಮ ಬಟ್ಟೆಯೆಲ್ಲ ಬೂದಿ ಬಣ್ಣ. ಅಲ್ಲಿ ಪೈಪಿನೊಳಗಿಂದ ಕೆಸರು ಇಳಿಸ್ತಾರೆ, ಭಾರಕ್ಕೆ ಬೆರೈಟ್ ಪುಡಿ ಕಲಸಿ. ಕಲ್ಲುಪುಡಿಯನ್ನು ಮೇಲೆ ತರುವುದೂ ಅದೇ, ಒಳಗಿನ ಗ್ಯಾಸು ಒಮ್ಮೆಲೇ ನುಗ್ಗದ ಹಾಗೆ ಅದುಮಿ ಹಿಡಿಯುವುದೂ ಅದೇ. ಆಮೇಲೆ ಉಕ್ಕಿನ ಕೇಸಿಂಗ್ ಇಳಿಸಿ, ಸುತ್ತ ಸಿಮೆಂಟ್ ತುಂಬಿ, ಎಲ್ಲ ಭದ್ರ ಮಾಡಿ, ಕೊನೆಗೆ ಎಣ್ಣೆಯಿರುವ ಆಳಕ್ಕೆ ಸಿಡಿಮದ್ದು ಇಳಿಸಿ ಅದೇ ಕೇಸಿಂಗಿಗೆ ತೂತು ಹೊಡೀತಾರೆ! ಎಣ್ಣೆ ಬಾವಿಗೆ ಬರುವುದು ಆ ತೂತುಗಳಲ್ಲಿ. ಕೊರೆದವರ ಧೈರ್ಯಕ್ಕಿಂತ ಅವರ ಲೆಕ್ಕ ದೊಡ್ಡದು ಅಂತ ನನಗೆ ಅನ್ನಿಸಿದ್ದು ಇಲ್ಲೇ.

ಮೊದಮೊದಲು ತನ್ನ ಒತ್ತಡಕ್ಕೇ ಉಕ್ಕಿ ಬರ್ತದೆ. ಒತ್ತಡ ಇಳಿದಾಗ ಬೇರೆ ಬಾವಿಗಳಿಂದ ನೀರು ತಳ್ಳಿ ಎಣ್ಣೆಯನ್ನು ದೂಡಬೇಕು. ಬಾಂಬೆ ಹೈಯಲ್ಲಿ ಸಮುದ್ರದ ನೀರನ್ನೇ ಸೋಸಿ ತಳ್ತಾರೆ. ಇಷ್ಟಾದರೂ ಹೆಚ್ಚಿನ ಕಡೆ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಕಲ್ಲು ಬಿಟ್ಟು ಬರುವುದೇ ಇಲ್ಲ. ಅದನ್ನು ತಿಳಿದ ಮೇಲೆ ಸ್ಕೂಟರು ಸುಮ್ಮನೆ ಚಾಲೂ ಇಟ್ಟು ಮಾತಾಡಲು ನನಗೆ ಮನಸ್ಸು ಬರುವುದಿಲ್ಲ ಅಕ್ಕ.

ನಮ್ಮ ಕಲ್ಲು ಎಣ್ಣೆ ಕೊಡದಿದ್ದರೂ ಕಾಯ್ತದೆ, ಗೊತ್ತುಂಟಾ? ಕಾಪು ಹತ್ತಿರದ ಪಾದೂರಿನಲ್ಲಿ ಬಂಡೆಯೊಳಗೆ ಗುಹೆ ತೋಡಿ 25 ಲಕ್ಷ ಟನ್ ಕಚ್ಚಾತೈಲ ಇಡುವಷ್ಟು ಜಾಗ ಮಾಡಿದ್ದಾರೆ, ಮಂಗಳೂರಿನಲ್ಲಿ 15 ಲಕ್ಷ. ಒಳಗೆ ಉಕ್ಕಿನ ಟ್ಯಾಂಕಿ ಇಲ್ಲ. ಸುತ್ತಲಿನ ಅಂತರ್ಜಲ ಬಂಡೆಯ ಬಿರುಕುಗಳಿಂದ ಒಳಮುಖವಾಗಿ ಒತ್ತುವುದರಿಂದ ಎಣ್ಣೆ ಹೊರಗೆ ಸೋರುವುದಿಲ್ಲ.

ಮೊಮ್ಮಗ ಶಾಲೆಯಿಂದ ಬಂದ ಮೇಲೆ ಇತ್ತ ಕಳಿಸಿ. ಆ ಮುರಕಲ್ಲಿಗೆ ಒಂದು ಚೆಂಬು ನೀರು ಅವನ ಕೈಯಲ್ಲೇ ಹೊಯ್ಯಿಸ್ತೇನೆ.