ಮುಖರ್ಜಿ ನಗರದ ಚಿತ್ರಗುಪ್ತರು

ಉತ್ತರ ದೆಹಲಿಯ ಮುಖರ್ಜಿ ನಗರದ ಬತ್ರಾ ಸಿನಿಮಾ ಸುತ್ತಲಿನ ಗಲ್ಲಿಗಳಲ್ಲಿ ಯುಪಿಎಸ್‌ಸಿ ಎಂಬ ಮೂರು ಸುತ್ತಿನ ಕೋಟೆಗೆ ಲಗ್ಗೆ ಹಾಕಿ ಸೋತವರೆಲ್ಲ ಊರಿಗೆ ಮರಳುವುದಿಲ್ಲ. ಸಾಮಾನ್ಯ ವರ್ಗದವನಿಗೆ 6 ಅವಕಾಶ, ವಯಸ್ಸಿನ ಮಿತಿ 32. ಎರಡರಲ್ಲೊಂದು ತೀರಿದ ಮರುದಿನ ಅವನು ‘ಸರ್’ ಆಗಿಬಿಡುತ್ತಾನೆ. ಕೋಣೆ ಬಾಡಿಗೆಯದು, ಗಂಟಲು ಸ್ವಂತದ್ದು, ಲ್ಯಾಪ್‌ಟಾಪಿನಲ್ಲಿ ವೈಟ್‌ಬೋರ್ಡ್ ಆನಿಮೇಷನ್ ತಂತ್ರಾಂಶ. ವಿಡಿಯೊದಲ್ಲಿ ಎಲ್ಲಿಂದಲೋ ಒಂದು ಕೈ ಬಂದು ಸರಸರನೆ ಸಂಸತ್ತನ್ನು ಕಟ್ಟಿ ಹೋಗುತ್ತದೆ. ಈ ಸರ್‌ಗಳಲ್ಲೇ ಒಂದು ಪಂಗಡವಿದೆ: ತಂತ್ರಾಂಶ ಕೊಡುವ ಸಿದ್ಧಚಿತ್ರ ಮುಟ್ಟೆನು, ನನ್ನ ಚಿತ್ರವನ್ನೇ ಹಾಕುವೆನು ಎಂದು ವ್ರತ ತೊಟ್ಟವರದು. ಇವರ ದಾಯಾದಿಗಳು ಧಾರವಾಡದ ಸಪ್ತಾಪುರದಲ್ಲೂ ಬೆಂಗಳೂರಿನ ವಿಜಯನಗರದಲ್ಲೂ ಸಿಕ್ಕಾರು. ಇವರನ್ನು ನೋಡಿ ಧಾರಾಳವಾಗಿ ನಗೋಣ. ವ್ರತ ಮಾತ್ರ ಸರಿಯಾದದ್ದೇ ಎಂಬುದು ನನ್ನ ವಾದ.

ನಗುವುದಕ್ಕೆ ಸರಕು ಬೇಕಾದಷ್ಟಿದೆ. ಕಾಗದದ ಮೇಲೆ ಬರೆದದ್ದನ್ನು ಮೊಬೈಲಿನಲ್ಲಿ ಹಿಡಿದು ಜೆಪೆಗ್ ಆಗಿ ಹಾಕಿದರೆ, ಅದರಲ್ಲಿ ಗೆರೆ ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂಬುದು ತಂತ್ರಾಂಶಕ್ಕೆ ತಿಳಿಯದು. ಕೈ ನೆಲ ಒರೆಸುವ ಹಾಗೆ ಅತ್ತಿತ್ತ ಆಡಿ ಚಿತ್ರವನ್ನು ಅಡಿಯಿಂದ ಹೊರಗೆ ತೆಗೆಯುತ್ತದೆ. ಗೆರೆಗೆರೆಯಾಗಿ ಮೂಡಬೇಕಾದರೆ ಗೆರೆಗಳ ಲೆಕ್ಕ ಇಡುವ ಎಸ್‌ವಿಜಿ ಕಡತ ಬೇಕು. ಜೆಪೆಗನ್ನೇ ಎಸ್‌ವಿಜಿಯ ಹೊದಿಕೆಯಲ್ಲಿ ಸುತ್ತಿ ಕೊಟ್ಟರೆ ಮೋಸಹೋಗುವಷ್ಟು ಪೆದ್ದಲ್ಲ ಅದು. ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ‘ಟ್ರೇಸ್’ ಒತ್ತಿದರೆ ಗೆರೆಯ ಬದಲು ಗೆರೆಯ ಎರಡು ಅಂಚು ಸಿಕ್ಕಿ, ಕೈ ಒಂದೇ ಮೀಸೆಗೆ ಪ್ರದಕ್ಷಿಣೆ ಹಾಕತೊಡಗುತ್ತದೆ. ಕೊನೆಗೆ ಸರ್ ಪೆನ್ ಟೂಲ್ ಹಿಡಿದು ಒಂದೊಂದೇ ಗೆರೆಯನ್ನು ಮತ್ತೆ ಎಳೆಯಬೇಕು. ಕಡತದಲ್ಲಿ ಗೆರೆಗಳಿರುವ ಕ್ರಮದಲ್ಲೇ ಕೈಯೂ ಬರೆಯುವುದರಿಂದ, ಕ್ರಮ ತಪ್ಪಿದರೆ ಮುಖಕ್ಕೆ ಮೊದಲೇ ಕನ್ನಡಕ ಗಾಳಿಯಲ್ಲಿ ನಿಲ್ಲುತ್ತದೆ. (ಗಾಂಧೀಜಿಯಾದರೆ ಚಿಂತೆಯಿಲ್ಲ, ಸ್ವಚ್ಛ ಭಾರತದ ಲಾಂಛನ ಅಷ್ಟಕ್ಕೇ ಮುಗಿದಿದೆ.) ಇಷ್ಟು ಜಾಗರಣೆ ಮೇನ್ಸ್‌ಗೆ ಮಾಡಿದ್ದರೆ ಇಷ್ಟೊತ್ತಿಗೆ ಜಿಲ್ಲಾಧಿಕಾರಿ ಆಗಿರುತ್ತಿದ್ದ ಎಂದು ಪಕ್ಕದ ಕೋಣೆಯವರು ಆಡಿಕೊಳ್ಳದೆ ಇರುತ್ತಾರೆಯೇ?

ಆದರೂ ಆ ಸಿದ್ಧಚಿತ್ರಗಳ ಭಂಡಾರವನ್ನೊಮ್ಮೆ ತೆರೆದು ನೋಡಬೇಕು. ರೈತನಿಗೆ ಹುಲ್ಲಿನ ಟೋಪಿ. ನ್ಯಾಯಾಧೀಶರ ಕೈಯಲ್ಲಿ ಮರದ ಸುತ್ತಿಗೆ. ನಮ್ಮ ಕೋರ್ಟುಗಳಲ್ಲಿ ಅದನ್ನು ಬಡಿಯುವ ರೂಢಿಯಿಲ್ಲ, ಬಡಿದದ್ದೆಲ್ಲ ಸಿನಿಮಾದವರು. ಗ್ರಾಮಸಭೆ ಹುಡುಕಿದರೆ ಕೋಟು ತೊಟ್ಟವರು ಮೇಜಿನ ಸುತ್ತ ಕೂತಿರುತ್ತಾರೆ. ನಕ್ಷೆಯಂತೂ ಜೈಲಿನ ದಾರಿ: ಸರ್ವೆ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಭಾರತವನ್ನು ಪ್ರಕಟಿಸಿದರೆ 1961ರ ಕಾಯಿದೆಯಂತೆ 6 ತಿಂಗಳವರೆಗೆ ಸಜೆಯಾದೀತು. ಕಾಶ್ಮೀರ ಬಂದಾಗ ಕೈ ನಡುಗುವುದು ನಮ್ಮ ಸರ್‌ಗೆ, ಭಂಡಾರದ ವಿದೇಶಿ ಕಲಾವಿದನಿಗಲ್ಲ.

ಇಷ್ಟೆಲ್ಲ ಏಕೆ, ಪಿಡಿಎಫ್ ಕೊಟ್ಟರೆ ಸಾಲದೆ ಎನ್ನುವವರಿದ್ದಾರೆ. ಮೇನ್ಸ್‌ನ ಮೊದಲ ಮೂರು ಸಾಮಾನ್ಯ ಅಧ್ಯಯನ ಪತ್ರಿಕೆಗಳಲ್ಲಿ 3 ಗಂಟೆಗೆ 20 ಪ್ರಶ್ನೆ. ಒಂದಕ್ಕೆ 9 ನಿಮಿಷ. ಅಷ್ಟರೊಳಗೆ ಉತ್ತರದ ಬದಿಗೆ ಬರೆಯಲಾಗುವ ಭಾರತ ಏಳೆಂಟು ಗೆರೆಗಳದ್ದು, ಸರ್ ಬರೆದದ್ದರಷ್ಟೇ ಸೊಟ್ಟಗಿನದು. ಯಾವ ಗೆರೆ ಮೊದಲು ಎಂಬುದೇ ಅಲ್ಲಿ ಪಾಠ. ಪಿಡಿಎಫ್ ಅದನ್ನು ಹೇಳುವುದಿಲ್ಲ. ಅಮೆರಿಕದ ಶೈಕ್ಷಣಿಕ ಮನೋವಿಜ್ಞಾನಿಗಳಾದ ಲೋಗನ್ ಫಿಯೊರೆಲ್ಲಾ, ರಿಚರ್ಡ್ ಮೇಯರ್ 2016ರಲ್ಲಿ ಡಾಪ್ಲರ್ ಪರಿಣಾಮದ ಪಾಠವಿಟ್ಟು ಪರೀಕ್ಷಿಸಿದಾಗ, ಬರೆದಿಟ್ಟ ಚಿತ್ರ ನೋಡಿದವರಿಗಿಂತ ಬೋಧಕ ಬರೆಯುವುದನ್ನು ನೋಡಿದವರೇ ಚೆನ್ನಾಗಿ ಕಲಿತರು. ಕೈ ಕಣ್ಣಿಗೆ ಬೀಳುವುದಕ್ಕೂ ಅದರಲ್ಲಿ ಪಾಲಿತ್ತು. ಆದರೆ ವಿಡಿಯೊದಲ್ಲಿರುವ ಕೈ ಸರ್ ಅವರದಲ್ಲವಲ್ಲ, ತಂತ್ರಾಂಶದ ಜೊತೆ ಪುಕ್ಕಟೆ ಬಂದ ಬಿಳಿಯರ ಕೈಯಲ್ಲವೇ ಎಂದರೆ, ತಕರಾರು ನ್ಯಾಯವಾದದ್ದೇ. ವಿಡಿಯೊಸ್ಕ್ರೈಬ್‌ನಂಥ ತಂತ್ರಾಂಶಗಳು ಅದಕ್ಕೂ ಅವಕಾಶ ಕೊಟ್ಟಿವೆ: ಸ್ವಂತ ಕೈಯ ಫೋಟೊ ತೆಗೆದು, ಹಿನ್ನೆಲೆ ಕತ್ತರಿಸಿ ಸೇರಿಸಬಹುದು. ವ್ರತಧಾರಿ ಅದನ್ನೂ ಬಿಡುವುದಿಲ್ಲ. ಮಣಿಕಟ್ಟಿನ ಕೆಂಪು ದಾರ, ಮೊದಲ ಪ್ರಿಲಿಮ್ಸ್‌ಗೆ ಮುಂಚೆ ಜ್ಯೋತಿಷಿ ತೊಡಿಸಿದ ಹವಳದುಂಗುರ, ಎಲ್ಲ ಸಮೇತ ಕೈ ಪರದೆಗೆ ಬರುತ್ತದೆ. ಐಎಎಸ್ ಕೊಡದ ಉಂಗುರ ಈಗ ಸಬ್‌ಸ್ಕ್ರೈಬರ್‌ಗಳನ್ನು ಕೊಡುತ್ತಿದೆ. ಕೆಲವರು ಕಾಮೆಂಟಿನಲ್ಲಿ ಆ ಜ್ಯೋತಿಷಿಯ ನಂಬರನ್ನೂ ಕೇಳುತ್ತಾರೆ.