‘ನೋಡಿಕೊಂಡು ಓಡಿಸಿ’ ಎನ್ನುವ ಮಹನೀಯರಿಗೊಂದು ಬಹಿರಂಗ ಪತ್ರ

ಸಕಲ ಉಪದೇಶಕ ಮಹಾಶಯರಲ್ಲಿ ರಾಯದುರ್ಗದ ಮೂರು ಚಕ್ರದ ಬ್ಯಾಟರಿ ಗಾಡಿ ಸವಾರನ ಸಾಷ್ಟಾಂಗ, ಕ್ಷಮಿಸಿ, ಅಷ್ಟು ಬಗ್ಗಲಾಗದು, ಕೂತಲ್ಲಿಂದಲೇ ನಮಸ್ಕಾರಗಳು.

ನಾನು ಮನೆ ಬಿಟ್ಟರೆ ಸಾಕು, ಒಬ್ಬರು ಕನ್ನಡದಲ್ಲಿ ‘ಹುಷಾರಪ್ಪಾ’ ಎನ್ನುತ್ತೀರಿ, ಇನ್ನೊಬ್ಬರು ತೆಲುಗಿನಲ್ಲಿ ‘ಮೆಲ್ಲಗಾ ಪೋ’ ಎನ್ನುತ್ತೀರಿ. ಮಡಕಶಿರಾದ ನಮ್ಮ ಭಾವನ ಗಾಡಿಗೂ ಇದೇ ಎರಡು ಭಾಷೆಯ ಕಾಳಜಿ. ನಿಮ್ಮ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೇನೆ. ಮುಂದೆ ಒಂದೇ ಚಕ್ರದ ಗಾಡಿ, ತಿರುವಿನಲ್ಲಿ ಜೋರು ಮಾಡಿದರೆ ಒಂದು ಪಕ್ಕ ಮೇಲೇಳುತ್ತದೆ, ವೇಗ ಇಳಿಸುತ್ತೇನೆ. ಇಳಿಜಾರನ್ನು ಅಡ್ಡ ಹಾಯುವುದಿಲ್ಲ, ನೇರ ಹತ್ತಿ ನೇರ ಇಳಿಯುತ್ತೇನೆ. ಹ್ಯಾಂಡಲ್ಲಿಗೆ ಸಂತೆಯ ಚೀಲ ತೂಗುಹಾಕುವುದಿಲ್ಲ. ಕೀ ಆಫ್ ಮಾಡದೆ ಸೀಟು ಬಿಡುವುದಿಲ್ಲ. ಕತ್ತಲಾದರೆ ರಿಫ್ಲೆಕ್ಟರ್ ಒರೆಸಿಯೇ ಹೊರಡುತ್ತೇನೆ.

ನನ್ನ ಪಾಠ ಮುಗಿಯಿತು. ಇನ್ನು ರಸ್ತೆಗೂ ಒಂದಿಷ್ಟು ಬುದ್ಧಿ ಹೇಳುವಿರಾ?

ಬ್ರಿಟನ್ನಿನಲ್ಲಿ ಇಂಥ ಗಾಡಿ ಫುಟ್‌ಪಾತ್ ಮೇಲೆ ಗಂಟೆಗೆ 4 ಮೈಲಿ ಮೀರುವಂತಿಲ್ಲ. ನಾನೂ ಮೀರುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡುತ್ತೇನೆ, ಆ ಫುಟ್‌ಪಾತ್ ಎಲ್ಲಿದೆಯೆಂದು ತೋರಿಸಿದರೆ. ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕೆನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ನಮ್ಮ ಬೀದಿಯ ಉಬ್ಬು ಎತ್ತರದಲ್ಲಿ ಧಾರಾಳಿ, ಅಗಲದಲ್ಲಿ ಕಡುಜಿಪುಣ. ಅದರ ಮೇಲೆ ನನ್ನ ಗಾಡಿ ಹೊಟ್ಟೆ ಊರಿ ಕೂತುಬಿಡುತ್ತದೆ. ಆಗಲೂ ಪಕ್ಕದಿಂದ ಯಾರೋ ‘ನಿಧಾನ’ ಎನ್ನುತ್ತೀರಿ.

ನಮ್ಮ ಬೆಟ್ಟದ ಮೇಲೆ ಕೋಟೆ ಕಟ್ಟಿದವರಿಗೆ ಶತ್ರು ಹತ್ತಬಾರದೆಂಬ ಉದ್ದೇಶವಿತ್ತು. ಹೆಸರು ಬೇಡ, ಒಂದು ಕಚೇರಿಗೆ ರಾಂಪ್ ಕಟ್ಟಿದವರಿಗೂ ಅದೇ ಇದ್ದಂತಿದೆ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕೆಂಬುದು ಲೆಕ್ಕ. ಅಲ್ಲಿ ಮೂರಡಿಯಲ್ಲೇ ಮುಗಿಸಿ, ಬುಡಕ್ಕೆ ಬೈಕು ನಿಲ್ಲಿಸಿದ್ದಾರೆ.

ಸರ್ಕಾರಕ್ಕೆ ತ್ರಾಣವಿಲ್ಲವೆಂದು ಮಾತ್ರ ಹೇಳಲಾರೆ. 1953ರಲ್ಲಿ ರಾಯದುರ್ಗ ತಾಲ್ಲೂಕನ್ನು ಬಳ್ಳಾರಿ ಜಿಲ್ಲೆಯಿಂದೆತ್ತಿ ಆಂಧ್ರದಲ್ಲಿಟ್ಟಿತು. 2022ರ ಏಪ್ರಿಲ್‌ನಲ್ಲಿ ಮಡಕಶಿರಾವನ್ನು ಅನಂತಪುರ ಜಿಲ್ಲೆಯಿಂದೆತ್ತಿ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿಟ್ಟಿತು. ಊರಿಗೂರನ್ನೇ ಎತ್ತುವ ಕೈಗೆ ನನ್ನನ್ನು ಮೂರು ಮೆಟ್ಟಿಲು ದಾಟಿಸುವುದು ಭಾರ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟಿದ್ದ ಐದು ವರ್ಷದ ಗಡುವು ಮುಗಿದದ್ದೂ ಅದೇ 2022ರಲ್ಲಿ. ಇಂಥ ಅನುಕೂಲಗಳ ಕನಿಷ್ಠ ಮಾನದಂಡ ಬರೀ ಶಿಫಾರಸಾಗಿದ್ದರೆ ಸಾಲದು, ಕಡ್ಡಾಯವಾಗಬೇಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಎಲ್ಲರೂ ಒಪ್ಪಿದ್ದೀರಿ. ಮೆಟ್ಟಿಲು ಇನ್ನೂ ಒಪ್ಪಿಲ್ಲ.

ಆದ್ದರಿಂದ ಅರಿಕೆ: ರಾಂಪ್ ಕೆಲಸದ ಬಿಲ್ಲಿಗೆ ಸಹಿ ಹಾಕುವ ಮುನ್ನ ಎಂಜಿನಿಯರ್ ಸಾಹೇಬರು ನನ್ನ ಗಾಡಿಯಲ್ಲಿ ಕೂತು ಅದನ್ನೊಮ್ಮೆ ಹತ್ತಲಿ. ಗಾಡಿ ನಾನು ಕೊಡುತ್ತೇನೆ, ಬ್ಯಾಟರಿಯೂ ತುಂಬಿರುತ್ತದೆ. ಹಿಂದಕ್ಕೆ ಜಾರಿದರೆ ಹಿಡಿಯಲು ಗುತ್ತಿಗೆದಾರರು ಬೆನ್ನ ಹಿಂದೆಯೇ ನಿಂತಿರಲಿ. ಮೇಲೆ ತಲುಪಿದವರು ಅಲ್ಲೇ ಸಹಿ ಹಾಕಲಿ. ತಲುಪದಿದ್ದರೆ ಬಿಲ್ಲೂ ನನ್ನ ಜೊತೆ ಕೆಳಗೇ ಕಾಯಲಿ.

ಇಂತಿ ತಮ್ಮ ವಿಧೇಯ,
ಮೂರು ಚಕ್ರದ ಸವಾರ, ರಾಯದುರ್ಗ